ಕಲೆ ಯಾವುದು, ಯಾರು ಹೇಳಬೇಕು? ಡಿಕಿಯ ಸೂತ್ರವನ್ನು ಕೋಲದ ಕಳಕ್ಕೆ ತಂದರೆ

‘ಕಲೆ ಅಂದರೇನು’ ಅನ್ನುವ ಪ್ರಶ್ನೆಗೆ ಪ್ಲೇಟೋನ ಉತ್ತರ ಅನುಕರಣೆ, ಟಾಲ್‌ಸ್ಟಾಯ್ ಉತ್ತರ ಭಾವದ ಹಂಚಿಕೆ: ಪರೀಕ್ಷೆಗೆ ಓದುವವರು ಇವೆರಡನ್ನು ಒಂದೊಂದು ಸಾಲಿನಲ್ಲಿ ನೆನಪಿಟ್ಟರೆ ಸಾಕು. ತಲೆ ಕೆಡಿಸುವುದು ಆಮೇಲಿನದು.

1914ರಲ್ಲಿ ಇಂಗ್ಲಿಷ್ ಕಲಾವಿಮರ್ಶಕ ಕ್ಲೈವ್ ಬೆಲ್, ಗೆರೆ-ಬಣ್ಣಗಳ ಜೋಡಣೆಯಲ್ಲೇ ಕಲೆ ಇದೆ ಅಂದ. ಮೂರು ವರ್ಷ ಕಳೆಯುವಷ್ಟರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ಡ್ಯೂಶಾಂ ಅಂಗಡಿಯ ಮೂತ್ರದ ಬೇಸಿನ್‌ಗೆ ‘ಆರ್. ಮಟ್’ ಅಂತ ಸಹಿ ಹಾಕಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದ. ಹಣ ಕಟ್ಟಿದವರ ಕೃತಿಗಳನ್ನೆಲ್ಲ ಇಡುತ್ತೇವೆ ಅಂದಿದ್ದ ಸಂಘ ಇದನ್ನು ಮಾತ್ರ ಇಡಲಿಲ್ಲ. ಬರೀ ರೂಪ ನೋಡಿ ಕಲೆ ಯಾವುದು ಅಂತ ಹೇಳುವುದು ಹೇಗೆ ಅನ್ನುವ ಪ್ರಶ್ನೆ ಎದ್ದದ್ದು ಇಲ್ಲೇ.

1956ರಲ್ಲಿ ಅಮೆರಿಕದ ತತ್ವಜ್ಞಾನಿ ಮಾರಿಸ್ ವೈಟ್ಸ್, ಕಲೆಗೆ ವ್ಯಾಖ್ಯಾನವೇ ಸಾಧ್ಯವಿಲ್ಲ ಅಂದ. ಕಲಾಕೃತಿಗಳ ನಡುವೆ ಇರುವುದು ಒಂದೇ ಮನೆಯವರ ಮುಖಗಳಲ್ಲಿ ಕಾಣುವಂಥ ಹೋಲಿಕೆ, ಅಷ್ಟೇ. 1965ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಮಾರಿಸ್ ಮ್ಯಾಂಡೆಲ್‌ಬಾಮ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ: ಮನೆಯವರನ್ನು ಒಂದು ಮಾಡುವುದು ರಕ್ತಸಂಬಂಧ, ಅದು ಕಣ್ಣಿಗೆ ಕಾಣುವುದಿಲ್ಲವಲ್ಲ! ಅಂದರೆ ಕಲೆಯನ್ನು ಕಲೆ ಮಾಡುವ ಅಂಶವೂ ಕಾಣದೇ ಇರಬಹುದು.

ಅಮೆರಿಕದ ತತ್ವಜ್ಞಾನಿ ಜಾರ್ಜ್ ಡಿಕಿ ಹಿಡಿದದ್ದು ಈ ದಾರಿಯನ್ನೇ. ಅವನ ಸೂತ್ರ ಇಷ್ಟು: ಮನುಷ್ಯ ಮಾಡಿದ ವಸ್ತು ಇರಬೇಕು, ಕಲಾಲೋಕದ (ಕಲಾವಿದರು, ವಿಮರ್ಶಕರು, ಮ್ಯೂಸಿಯಂಗಳ ಬಳಗದ) ಪರವಾಗಿ ಯಾರಾದರೂ ಅದಕ್ಕೆ ‘ಇದನ್ನು ಆಸ್ವಾದಿಸಬಹುದು’ ಅನ್ನುವ ಸ್ಥಾನ ಕೊಡಬೇಕು. ಪರೀಕ್ಷೆಯಲ್ಲಿ ಇಲ್ಲೇ ಜಾಸ್ತಿ ಎಡವುವುದು: ಡಿಕಿ ವಿಂಗಡಿಸುತ್ತಾನೆ, ಹೊಗಳುವುದಿಲ್ಲ. ಕೆಟ್ಟ ಚಿತ್ರವೂ ಅವನಿಗೆ ಕಲೆಯೇ.

ಇದನ್ನು ಕಾಸರಗೋಡಿಗೆ ತಂದು ನೋಡಿ. ದೈವ ಮೈಮೇಲೆ ಬರುವ ಆರಾಧನೆಯ ಕುಣಿತಕ್ಕೆ ಕುಂಬಳೆ, ಮಂಜೇಶ್ವರ ಕಡೆ ಕೋಲ ಅನ್ನುತ್ತಾರೆ, ನೀಲೇಶ್ವರದತ್ತ ಹೋದರೆ ತೆಯ್ಯಂ. ಮುಖಕ್ಕೆ ಅರದಾಳದ ಹಳದಿ, ಅದರ ಮೇಲೆ ಕಣ್ಣಿನ ಸುತ್ತ ಕಪ್ಪು ಗೆರೆ, ಸೊಂಟಕ್ಕೆ ಎಳೆ ತೆಂಗಿನ ಗರಿಯ ಉಡುಗೆ, ಅಂದರೆ ಸಿರಿ. ಬೆಲ್ ನೋಡಿದ್ದರೆ ಮರುಮಾತಿಲ್ಲದೆ ಕಲೆ ಅನ್ನುತ್ತಿದ್ದ. ಆದರೆ ಕಳದಲ್ಲಿ (ಕೋಲ ನಡೆಯುವ ಅಂಗಳದಲ್ಲಿ) ಕೈಮುಗಿದು ನಿಂತವರು ‘ಆಸ್ವಾದಿಸಲು’ ಬಂದವರಲ್ಲ, ಅಲ್ವಾ? ದೈವದ ನುಡಿ ಕೇಳಲು ಬಂದವರು. ಆ ಸ್ಥಾನ ಕೊಡುವವರೇ ಅಲ್ಲಿಲ್ಲ. ಡಿಕಿಯ ಲೆಕ್ಕದಲ್ಲಿ ಅದು ಕಲೆಯಾಗುವುದು ಕಷ್ಟ.

ಈಗ ಇನ್ನೊಂದು ಕಡೆ ನೋಡಿ. ಉಡುಪಿ ಸೀಮೆಯ ಮೆಕ್ಕೆಕಟ್ಟಿನ ಮರದ ಭೂತಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿವೆ. ಅಲ್ಲಿ ಅವು ಸಲೀಸಾಗಿ ಡಿಕಿಯ ಪಟ್ಟಿಗೆ ಸೇರುತ್ತವೆ. ಮರ ಅದೇ, ಉಳಿಯ ಕೆಲಸವೂ ಅದೇ. ಮ್ಯೂಸಿಯಂ ಏನು ಮಾಡುತ್ತದೆ ಅನ್ನುವುದನ್ನು ಡಿಕಿ ಚೆನ್ನಾಗಿ ವಿವರಿಸಿದ. ಆದರೆ ಸಾನಕ್ಕೆಂದು (ಭೂತದ ಗುಡಿಗೆಂದು) ಕೆತ್ತುವಾಗ ಬಡಗಿ ಹುಬ್ಬಿನ ತಿರುವಿಗೆ, ಹಲ್ಲಿನ ಸಾಲಿಗೆ ಕೊಟ್ಟ ಗಮನ ಯಾವ ಲೆಕ್ಕಕ್ಕೆ? ಈ ಪ್ರಶ್ನೆಗೆ ಅವನ ಸೂತ್ರದಲ್ಲಿ ಜಾಗವೇ ಇಲ್ಲ. ನಾನಾದರೆ ಉತ್ತರಪತ್ರಿಕೆಯಲ್ಲಿ ಡಿಕಿಯ ಮೇಲಿನ ಆಕ್ಷೇಪವನ್ನು ಇಲ್ಲಿಂದಲೇ ಶುರುಮಾಡುತ್ತೇನೆ.