ಮಾತು ಮುಗಿದ ಮೇಲೆ ಕೀರ್ತನೆಗಳು: ಪ್ರಾರ್ಥನೆ ಕುರಿತ ಅಧ್ಯಯನ ಟಿಪ್ಪಣಿ

ಪ್ರಾರ್ಥನೆಗೆ ಸಮಯ ಹೇಗೋ ಸಿಗುತ್ತದೆ, ಕುಳಿತ ಮೇಲೆ ಮಾತೇ ಸಿಗುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಮೊಣಕಾಲೂರಿ ಎರಡು ನಿಮಿಷ ಆಗುವಷ್ಟರಲ್ಲಿ ಮನೆಯವರ ಆರೋಗ್ಯ, ಮಕ್ಕಳ ಪರೀಕ್ಷೆ, ಕೆಲಸದ ವಿಚಾರ, ಸಭೆಯಲ್ಲಿ ಹುಷಾರಿಲ್ಲದವರು, ಎಲ್ಲವನ್ನೂ ಹೇಳಿ ಮುಗಿದಿರುತ್ತದೆ. ನಾಳೆ ಕುಳಿತರೂ ಅದೇ ಪಟ್ಟಿ. ಪ್ರಾರ್ಥನಾ ಕೂಟದಲ್ಲಾದರೆ ಮಾತು ಸಿಗದ ಕಡೆ ‘ಕರ್ತನೇ, ಕರ್ತನೇ’, ‘ಸ್ತೋತ್ರ, ಸ್ತೋತ್ರ’ ಎಂದು ತುಂಬಿಸಿ ಮುಂದಕ್ಕೆ ಹೋಗುತ್ತೇವೆ. ಇಂಥ ಬರಗಾಲಕ್ಕೆ ಸಭೆ ಮೊದಲಿನಿಂದಲೂ ಹೇಳಿಕೊಂಡು ಬಂದ ದಾರಿಯೊಂದಿದೆ: ನಿನ್ನ ಮಾತು ಮುಗಿದರೆ ಸತ್ಯವೇದದ (ಬೈಬಲಿನ) ಕೀರ್ತನೆಗಳ ಮಾತು ತೆಗೆದುಕೋ. ಪ್ರಾರ್ಥನೆಯ ಆಳ ನಮ್ಮ ಭಾವನೆ ಉಕ್ಕುವುದರಿಂದ ಬರುವುದಕ್ಕಿಂತ ಹೆಚ್ಚಾಗಿ, ನಮ್ಮದಲ್ಲದ ಮಾತನ್ನು ದಿನವೂ ಬಾಯಲ್ಲಿ ಆಡುತ್ತ ಆಡುತ್ತ ಅದು ನಮ್ಮದಾಗುವುದರಿಂದ ಬರುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಬರೆದದ್ದನ್ನು ಓದಿದರೆ ಅದು ಪ್ರಾರ್ಥನೆಯೇ?

ಮೊದಲು ಬರುವ ಆಕ್ಷೇಪಣೆ ಇದು. ‘ಹೃದಯದಿಂದ ಬಂದದ್ದು ಮಾತ್ರ ಪ್ರಾರ್ಥನೆ, ಪುಸ್ತಕ ನೋಡಿ ಹೇಳಿದ್ದು ಓದು’ ಎಂದು ಕೇಳುತ್ತಲೇ ಬೆಳೆದವರು ನಾವು. ಆದರೆ ಸತ್ಯವೇದದಲ್ಲೇ ಪ್ರಾರ್ಥಿಸಿದವರನ್ನು ನೋಡಿ. ಮೀನಿನ ಹೊಟ್ಟೆಯಲ್ಲಿ ಯೋನ ಮಾಡಿದ ಪ್ರಾರ್ಥನೆಯಲ್ಲಿ (ಯೋನ 2) ಹೊಸದಾಗಿ ಹುಟ್ಟಿದ ಮಾತಿಗಿಂತ ಕೀರ್ತನೆಗಳಿಂದ ಬಂದ ಮಾತೇ ಹೆಚ್ಚು. ನಿನ್ನ ಅಲೆಗಳೂ ತೆರೆಗಳೂ ನನ್ನ ಮೇಲೆ ಹಾದುಹೋದವು ಎಂಬ ಅವನ ಮಾತು 42ನೆಯ ಕೀರ್ತನೆಯ 7ನೆಯ ವಚನದಲ್ಲಿದೆ. ಪೇತ್ರ ಯೋಹಾನರು ಬಿಡುಗಡೆಯಾಗಿ ಬಂದಾಗ ಯೆರೂಸಲೇಮಿನ ಸಭೆ ಎರಡನೆಯ ಕೀರ್ತನೆ ಹಿಡಿದು ಪ್ರಾರ್ಥಿಸಿತು (ಅ. ಕೃತ್ಯಗಳು 4:24–30). ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು (ಮಾರ್ಕ 15:34). ಪ್ರಾಣ ಬಿಡುವಾಗ ಆಡಿದ್ದು 31ನೆಯ ಕೀರ್ತನೆಯ ಮಾತು (ಲೂಕ 23:46). ಅಷ್ಟು ಸಂಕಟದಲ್ಲಿ ಆತನ ಬಾಯಿಗೆ ಬಂದದ್ದು ಚಿಕ್ಕಂದಿನಿಂದ ಕಲಿತ ಮಾತು. ಅದು ಹೃದಯದಿಂದ ಬರಲಿಲ್ಲ ಎಂದು ಯಾರು ಹೇಳುತ್ತಾರೆ?

ಮತ್ತಾಯ 6:7ನ್ನು ಈ ಆಕ್ಷೇಪಣೆಗೆ ಆಧಾರವಾಗಿ ತರುವುದುಂಟು. ಆ ವಚನವನ್ನು ಪೂರ್ತಿ ಓದಬೇಕು. ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂದು ಭಾವಿಸುವವರ ಬಗ್ಗೆ ಯೇಸು ಅಲ್ಲಿ ಹೇಳುತ್ತಾನೆ. ಎರಡು ವಚನ ದಾಟುವಷ್ಟರಲ್ಲಿ ‘ನೀವು ಹೀಗೆ ಪ್ರಾರ್ಥಿಸಿರಿ’ ಎಂದು ಸಿದ್ಧ ಮಾತನ್ನೇ ಕೊಡುತ್ತಾನೆ. ಗೆತ್ಸೇಮನೆಯಲ್ಲಿ ಮೂರನೆಯ ಸಾರಿಯೂ ಮೊದಲಿನ ಮಾತನ್ನೇ ಹೇಳಿ ಪ್ರಾರ್ಥಿಸಿದನು ಎಂದು ಮತ್ತಾಯ 26:44ರಲ್ಲಿದೆ.

ಪುಸ್ತಕದ ರಚನೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 150 ಕೀರ್ತನೆಗಳು ಐದು ಭಾಗ: 1–41, 42–72, 73–89, 90–106, 107–150. ಇಬ್ರಿಯ (ಹೀಬ್ರೂ) ತಲೆಬರಹಗಳಲ್ಲಿ 73 ಕೀರ್ತನೆಗಳಿಗೆ ದಾವೀದನ ಹೆಸರಿದೆ; ಕೆಲವಕ್ಕೆ ದೇವಾಲಯದ ಗಾಯಕರಾದ ಆಸಾಫ, ಕೋರಹೀಯರ ಹೆಸರು, ಒಂದಕ್ಕೆ (90) ಮೋಶೆಯ ಹೆಸರೂ ಇದೆ. ನಮ್ಮ ಕೆಲಸಕ್ಕೆ ಮುಖ್ಯವಾದ ಸಂಗತಿ ಬೇರೆ: ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವುದು ಮೊರೆಯ ಕೀರ್ತನೆಗಳು. ದೂರು, ಅಳು, ‘ಎಲ್ಲಿದ್ದೀಯ’ ಎಂಬ ಪ್ರಶ್ನೆ. ಭಾನುವಾರ ನಾವು ಹಾಡುವ ಹಾಡುಗಳ ಪಟ್ಟಿ ತೆಗೆದು ಇದರ ಪಕ್ಕ ಇಟ್ಟು ನೋಡಿದರೆ ನಮ್ಮಲ್ಲಿ ಏನು ಕಡಿಮೆಯಾಗಿದೆ ಎಂಬುದು ತಾನೇ ಕಾಣುತ್ತದೆ.

ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಬಿಷಪ್ ಅಥನಾಸಿಯಸ್, ಕಾಯಿಲೆ ಬಿದ್ದು ಕೀರ್ತನೆಗಳನ್ನು ಅಭ್ಯಾಸ ಮಾಡುತ್ತಿದ್ದ ಮಾರ್ಸೆಲಿನಸ್ ಎಂಬವನಿಗೆ ಬರೆದ ಪತ್ರದಲ್ಲಿ ಈ ಪುಸ್ತಕದ ವಿಶೇಷ ಹೇಳುತ್ತಾನೆ. ಬೇರೆ ಪುಸ್ತಕಗಳಲ್ಲಿ ಮೋಶೆಯದೋ ಪ್ರವಾದಿಗಳದೋ ಮಾತನ್ನು ಕೇಳುತ್ತೇವೆ. ಇಲ್ಲಿಯಾದರೆ ಓದುವವನು ಆ ಮಾತನ್ನು ತನ್ನದೇ ಎಂಬಂತೆ ಆಡುತ್ತಾನೆ. ಯಾವ ಕಷ್ಟಕ್ಕೆ ಯಾವ ಕೀರ್ತನೆ ಎಂಬ ಉದ್ದದ ಪಟ್ಟಿಯೂ ಆ ಪತ್ರದಲ್ಲಿದೆ. ಆ ಪಟ್ಟಿಯನ್ನು ಔಷಧದ ಚೀಟಿಯಂತೆ ಬಳಸುವವರೂ ಇದ್ದಾರೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಕಾರಣ ಮುಂದೆ ಬರುತ್ತದೆ.

13ನೆಯ ಕೀರ್ತನೆಯನ್ನು ನಿಧಾನವಾಗಿ

ಬರೀ ಆರು ವಚನ. ಶುರುಮಾಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ತೆರೆದಿಟ್ಟುಕೊಂಡು ಮುಂದಕ್ಕೆ ಓದಿ.

ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಾರಿ ಬರುತ್ತದೆ. ಆ ದೂರು ಮೂರು ಕಡೆಗೆ ತಿರುಗುತ್ತದೆ ಎಂಬುದನ್ನು ಗಮನಿಸಿ. ದೇವರ ಕಡೆಗೆ: ನನ್ನನ್ನು ಮರೆತಿದ್ದೀಯ, ಮುಖ ಮರೆಮಾಡಿದ್ದೀಯ. ತನ್ನ ಕಡೆಗೆ: ಮನಸ್ಸಿನೊಳಗೆ ಯೋಚನೆ ಮಾಡಿ ಮಾಡಿ ಸಾಕಾಗಿದೆ, ದಿನವೆಲ್ಲ ದುಃಖ. ಹೊರಗಿನ ಕಡೆಗೆ: ವಿರೋಧಿ ನನ್ನ ಮೇಲೆ ಮೆರೆಯುತ್ತಿದ್ದಾನೆ. ನಾವು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಪ್ರಾರ್ಥನೆಗೆ ತರುತ್ತೇವೆ, ‘ಆಫೀಸಿನ ತೊಂದರೆ ಪರಿಹರಿಸು’ ಎಂದು. ಎರಡನೆಯದನ್ನು ರಾತ್ರಿ ಹಾಸಿಗೆಯಲ್ಲಿ ಹೊರಳಾಡಲು ಇಟ್ಟುಕೊಳ್ಳುತ್ತೇವೆ. ಮೊದಲನೆಯದನ್ನು ಬಾಯಿಬಿಟ್ಟು ಹೇಳುವುದು ಅಪನಂಬಿಕೆ ಎಂದು ಹೆದರುತ್ತೇವೆ. ದಾವೀದನಾದರೋ ಅದರಿಂದಲೇ ಆರಂಭಿಸುತ್ತಾನೆ.

ಮೂರು ಮತ್ತು ನಾಲ್ಕನೆಯ ವಚನ ಬೇಡಿಕೆ. ಕಟಾಕ್ಷಿಸು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಪ್ರತಿ ಬೇಡಿಕೆಗೂ ಕಾರಣ ಹೇಳುತ್ತಾನೆ: ಇಲ್ಲವಾದರೆ ಸಾಯುತ್ತೇನೆ, ಇಲ್ಲವಾದರೆ ವಿರೋಧಿ ಗೆದ್ದೆನೆಂದು ಹಿಗ್ಗುತ್ತಾನೆ. ದೇವರ ಹತ್ತಿರ ಕಾರಣ ಕೊಟ್ಟು ವಾದಿಸುವುದು ಸತ್ಯವೇದದ ಉದ್ದಕ್ಕೂ ಇದೆ. ಅಬ್ರಹಾಮ ಸೊದೋಮಿಗಾಗಿ ವಾದಿಸಿದ, ಮೋಶೆ ಇಸ್ರಾಯೇಲಿಗಾಗಿ ವಾದಿಸಿದ. ನಿಮ್ಮ ಬೇಡಿಕೆಗೂ ಒಂದು ‘ಯಾಕೆಂದರೆ’ ಸೇರಿಸಿ ನೋಡಿ. ಕೆಲವು ಬೇಡಿಕೆಗಳು ಕಾರಣ ಹುಡುಕುವಾಗಲೇ ಬದಲಾಗುತ್ತವೆ, ಕೆಲವನ್ನು ನಾವೇ ಕೈಬಿಡುತ್ತೇವೆ.

ಐದನೆಯ ವಚನದಲ್ಲಿ ತಿರುವು: ನಾನಾದರೋ ನಿನ್ನ ಪ್ರೀತಿಯಲ್ಲಿ ಭರವಸವಿಟ್ಟಿದ್ದೇನೆ. ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತು? ಪಠ್ಯ ಏನನ್ನೂ ಹೇಳುವುದಿಲ್ಲ. ವಿರೋಧಿ ಹೋದನೆಂದಿಲ್ಲ, ಕಾಯಿಲೆ ವಾಸಿಯಾಯಿತೆಂದಿಲ್ಲ. ಬೋಧಕರು ಇಲ್ಲಿ ಬೇಗ ಐದಕ್ಕೆ ಹಾರುತ್ತಾರೆ. ನೀವು ಹಾರಬೇಡಿ. ಎರಡನೆಯ ವಚನದಲ್ಲೇ ನಿಮ್ಮ ಇವತ್ತಿನ ದಿನ ಇದ್ದರೆ ಅಲ್ಲೇ ನಿಲ್ಲಿ, ಅದನ್ನೇ ನಿಮ್ಮ ವಿಷಯ ಸೇರಿಸಿ ಗಟ್ಟಿಯಾಗಿ ಹೇಳಿ, ಉಳಿದದ್ದನ್ನು ನಂಬಿಕೆಯಿಂದ ಸುಮ್ಮನೆ ಓದಿ ಮುಗಿಸಿ. ನಾಳೆ ಮತ್ತೆ ಅದೇ ಕೀರ್ತನೆ. ಒಂದು ವಾರ ಇದೊಂದನ್ನೇ ಇಟ್ಟುಕೊಂಡರೂ ನಷ್ಟವಿಲ್ಲ.

ಬಾಯಿಗೆ ಬಾರದ ಕೀರ್ತನೆಗಳು

88ನೆಯದರಲ್ಲಿ ತಿರುವೂ ಇಲ್ಲ. ಕೊನೆಯ ಮಾತು ಕತ್ತಲೆ. ಆದರೂ ಅದು ಪ್ರಾರ್ಥನೆಯೇ: ಹಗಲಿರುಳು ಮೊರೆಯಿಡುತ್ತೇನೆ, ದಿನವೂ ಕೂಗುತ್ತೇನೆ, ಬೆಳಿಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ ಎಂದು ಮೂರು ಕಡೆ ಹೇಳುತ್ತದೆ (1, 9, 13). ಖಿನ್ನತೆಯಲ್ಲಿರುವವರಿಗೆ ‘ಸ್ತೋತ್ರ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂದು ಹೇಳುವ ಮೊದಲು ಈ ಕೀರ್ತನೆಯನ್ನು ಅವರ ಜೊತೆ ಕೂತು ಓದುವುದು ಮೇಲು. ವೈದ್ಯರ ಬಳಿ ಕರೆದೊಯ್ಯುವುದಕ್ಕೆ ಇದು ಬದಲಿಯಲ್ಲ, ಅದೂ ಆಗಬೇಕು.

ಶಾಪದ ಕೀರ್ತನೆಗಳು ಇನ್ನೂ ಕಷ್ಟ. 109, 137ರ ಕೊನೆ. ಕಥೋಲಿಕ ಗುರುಗಳೂ ಧರ್ಮಭಗಿನಿಯರೂ ದಿನವೂ ಹೇಳುವ ಪ್ರಾರ್ಥನಾ ಕ್ರಮವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಿದಾಗ 58, 83, 109 ಈ ಮೂರನ್ನು ಪೂರ್ತಿಯಾಗಿ ಬಿಟ್ಟರು. ಬಿಟ್ಟದ್ದು ಸರಿಯೇ ಎಂಬ ಚರ್ಚೆ ಈಗಲೂ ಇದೆ. ನನ್ನ ಅಭಿಪ್ರಾಯದಲ್ಲಿ ಇಟ್ಟುಕೊಳ್ಳಬೇಕು. ಸೇಡಿನ ಸಿಟ್ಟು ನಮ್ಮಲ್ಲಿ ಇದ್ದೇ ಇರುತ್ತದೆ. ಅದನ್ನು ದೇವರ ಮುಂದೆ ಹೇಳಿ ಅಲ್ಲೇ ಬಿಟ್ಟುಬರುವುದಕ್ಕೂ ಮನೆಯವರ ಮೇಲೆ ತೀರಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹೊಸಬರು ಮಾತ್ರ ಇವುಗಳಿಂದ ಶುರುಮಾಡುವುದು ಬೇಡ.

ಕ್ಷೌರಿಕನಿಗೆ ಬಂದ ಉತ್ತರ

ಜರ್ಮನಿಯ ವಿಟೆನ್‌ಬರ್ಗಿನ ಪೇಟರ್ ಎಂಬ ಕ್ಷೌರಿಕ, ಸಭೆಯ ಸುಧಾರಕ ಮಾರ್ಟಿನ್ ಲೂಥರನನ್ನು ಪ್ರಾರ್ಥಿಸುವುದು ಹೇಗೆ ಎಂದು ಕೇಳಿದ. 1535ರಲ್ಲಿ ಲೂಥರ್ ಅವನಿಗೆ ಬರೆದುಕೊಟ್ಟ ಉತ್ತರ ಚಿಕ್ಕ ಪುಸ್ತಕವಾಗಿ ಅಚ್ಚಾಯಿತು. ದೇವಶಾಸ್ತ್ರಿಯೊಬ್ಬ ದುಡಿಯುವ ಮನುಷ್ಯನಿಗೆ ಬರೆದದ್ದಾದ್ದರಿಂದ ಅದರಲ್ಲಿ ಉಪಯೋಗಕ್ಕೆ ಬರುವ ಮಾತೇ ಹೆಚ್ಚು. ಬೇರೆ ಕೆಲಸಗಳಿಂದ ಪ್ರಾರ್ಥನೆಯಲ್ಲಿ ಮನಸ್ಸು ತಣ್ಣಗಾದಾಗ ತಾನು ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೋ ದೇವಾಲಯಕ್ಕೋ ಓಡುತ್ತೇನೆ, ಮಕ್ಕಳು ಹೇಳುವ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ ಎನ್ನುತ್ತಾನೆ. ‘ಸ್ವಲ್ಪ ತಾಳು, ಇದೊಂದು ಕೆಲಸ ಮುಗಿಸಿ ಪ್ರಾರ್ಥಿಸುತ್ತೇನೆ’ ಎಂಬ ಯೋಚನೆಯ ಬಗ್ಗೆ ಎಚ್ಚರಿಸುತ್ತಾನೆ. ಒಳ್ಳೆಯ ಕ್ಷೌರಿಕನ ಗಮನ ಕತ್ತಿಯ ಮೇಲೇ ಇರಬೇಕು, ಹರಟುತ್ತ ಕೂತರೆ ಗಿರಾಕಿಯ ಬಾಯಿ, ಮೂಗು, ಕೊನೆಗೆ ಗಂಟಲನ್ನೂ ಕೊಯ್ದಾನು ಎಂದು ಪೇಟರನ ಕಸುಬಿನಿಂದಲೇ ಅವನಿಗೆ ಪಾಠ ಹೇಳುತ್ತಾನೆ.

ಹತ್ತು ಆಜ್ಞೆಗಳನ್ನು ಹಿಡಿದು ಪ್ರಾರ್ಥಿಸಲು ಅವನು ಹೇಳಿಕೊಟ್ಟ ವಿಧಾನಕ್ಕೆ ನಾಲ್ಕು ಎಳೆ: ಉಪದೇಶ, ಸ್ತೋತ್ರ, ಪಾಪದ ಅರಿಕೆ, ವಿಜ್ಞಾಪನೆ. ಕೀರ್ತನೆಗೂ ಇದು ಒಗ್ಗುತ್ತದೆ. 127ರ ಎರಡನೆಯ ವಚನ ತೆಗೆದುಕೊಳ್ಳೋಣ. ಬೇಗ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ತಿನ್ನುವುದು ವ್ಯರ್ಥ. ತನ್ನ ಪ್ರಿಯರಿಗೆ ಆತನು ನಿದ್ರೆ ಕೊಡುತ್ತಾನೆ ಎಂಬುದು ಅದರ ಸಾರ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಇದು ನನಗೆ ಏನು ಕಲಿಸುತ್ತದೆ? ನಿದ್ರೆ ಸೋಮಾರಿತನವಲ್ಲ, ದಾನ. ಯಾವುದಕ್ಕೆ ಸ್ತೋತ್ರ? ನಾನು ಮಲಗಿದ್ದಾಗಲೂ ಮನೆ ನಡೆದದ್ದಕ್ಕೆ. ಯಾವುದರ ಅರಿಕೆ? ಎಲ್ಲ ನನ್ನ ಕೈಯಿಂದಲೇ ಎಂದುಕೊಂಡು ಮಕ್ಕಳ ಮೇಲೆ ರೇಗಿದ್ದು. ಏನು ಬೇಡಲಿ? ಇವತ್ತು ಕೆಲಸವನ್ನು ಹೊತ್ತಿಗೆ ಸರಿಯಾಗಿ ಕೆಳಗಿಡುವ ಧೈರ್ಯ. ನಾಲ್ಕೂ ಎಳೆ ಪ್ರತಿದಿನ ಮುಗಿಯಲೇಬೇಕೆಂದಿಲ್ಲ. ನಡುವೆ ಒಳ್ಳೆಯ ಯೋಚನೆ ಬಂದರೆ ಉಳಿದದ್ದನ್ನು ಬಿಟ್ಟು ಸುಮ್ಮನೆ ಕೇಳು, ಆಗ ಬೋಧಿಸುತ್ತಿರುವುದು ಪವಿತ್ರಾತ್ಮನು ಎಂದು ಲೂಥರನೇ ಹೇಳಿದ್ದಾನೆ.

ಒಂದೇ ವಚನವೂ ಸಾಕಾಗುತ್ತದೆ. ದೇವರೇ, ನನಗೆ ಸಹಾಯಮಾಡಲು ತ್ವರೆಪಡು ಎಂಬ 70:1ನ್ನು ಊಟ, ಕೆಲಸ, ಪ್ರಯಾಣ, ನಿದ್ರೆ ಯಾವುದರಲ್ಲೂ ಬಿಡದೆ ಹೇಳಿಕೊಳ್ಳಬೇಕೆಂದು ಐಗುಪ್ತದ ಸನ್ಯಾಸಿ ಐಸಾಕ್ ಕಲಿಸಿದ್ದನ್ನು ಐದನೆಯ ಶತಮಾನದಲ್ಲಿ ಜಾನ್ ಕಾಸಿಯನ್ ಬರೆದಿಟ್ಟಿದ್ದಾನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವಾಗ ಇದಕ್ಕಿಂತ ಉದ್ದದ ಪ್ರಾರ್ಥನೆ ಯಾರಿಂದಲೂ ಆಗುವುದಿಲ್ಲ.

ದಿನಕ್ಕೆ ಎಷ್ಟು?

ಆರನೆಯ ಶತಮಾನದಲ್ಲಿ ಇಟಲಿಯ ಸನ್ಯಾಸಿ ಬೆನೆಡಿಕ್ಟ್ ತನ್ನ ಮಠದವರಿಗೆ ವಾರಕ್ಕೆ 150ನ್ನೂ ಮುಗಿಸಬೇಕೆಂದು ವಿಧಿಸಿದ; ಹಿಂದಿನ ಪಿತೃಗಳು ಇದನ್ನು ಒಂದೇ ದಿನದಲ್ಲಿ ಮಾಡುತ್ತಿದ್ದರು ಎಂದು ಚುಚ್ಚಿಯೂ ಹೇಳಿದ. ಸಂಸಾರಸ್ಥರಿಗೆ ಅದು ಆಗದ ಮಾತು. 1549ರಲ್ಲಿ ಥಾಮಸ್ ಕ್ರ್ಯಾನ್ಮರ್ ಇಂಗ್ಲೆಂಡಿನ ಸಭೆಗೆ ರೂಪಿಸಿದ ಪ್ರಾರ್ಥನಾ ಪುಸ್ತಕದಲ್ಲಿ ತಿಂಗಳ ಲೆಕ್ಕವಿದೆ: 30 ದಿನ, ಬೆಳಿಗ್ಗೆ ಒಂದು ಪಾಲು, ಸಂಜೆ ಒಂದು ಪಾಲು. ಮೊದಲ ದಿನ ಬೆಳಿಗ್ಗೆ 1–5, ಸಂಜೆ 6–8. ಎರಡನೆಯ ದಿನ 9–11 ಮತ್ತು 12–14. ಉದ್ದದ 78ನೆಯದಕ್ಕೆ 15ನೆಯ ದಿನದ ಸಂಜೆ ಪೂರ್ತಿ ಮೀಸಲು. 176 ವಚನಗಳ 119ನೆಯದು 24ರ ಸಂಜೆಯಿಂದ 26ರ ಸಂಜೆಯವರೆಗೆ ಹರಡಿಕೊಂಡಿದೆ. 31ನೆಯ ತಾರೀಖು ಬಂದರೆ 30ರದನ್ನೇ ಮತ್ತೆ ಓದುವುದು. ಕಥೋಲಿಕರ ಈಗಿನ ಕ್ರಮ ನಾಲ್ಕು ವಾರದ ಸುತ್ತು.

ಇಷ್ಟೂ ಆಗುವುದಿಲ್ಲವೇ? ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ದಿನಕ್ಕೊಂದು ಕೀರ್ತನೆ ಎಂದಿಟ್ಟುಕೊಂಡರೆ ಐದು ತಿಂಗಳಿಗೆ ಒಂದು ಸುತ್ತು. ಮಕ್ಕಳಿದ್ದರೆ ಒಂದೊಂದು ವಚನ ಒಬ್ಬೊಬ್ಬರು ಓದಲಿ. ಮುಖ್ಯ ನಿಯಮ ಒಂದೇ, ಇಷ್ಟವಾದದ್ದನ್ನು ಆರಿಸಿಕೊಳ್ಳದೆ ವರಸೆಯಾಗಿ ಓದುವುದು. ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ನಾವೆಲ್ಲ ನೆಮ್ಮದಿ ಕೊಡುವ 23, 91, 121ರಲ್ಲೇ ಸುತ್ತುತ್ತಿರುತ್ತೇವೆ. ವರಸೆಯಾಗಿ ಓದಿದರೆ ಮಗನ ಮದುವೆ ನಿಶ್ಚಯವಾದ ದಿನವೇ 88 ಎದುರಾಗಬಹುದು. ಆಗ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮ ಸಭೆಯಲ್ಲೇ ಯಾರಿಗೋ ಇವತ್ತು ಅದೇ ಮಾತು ಬೇಕು, ಹೇಳಲು ಅವರಿಗೆ ಶಕ್ತಿಯಿಲ್ಲ. ಅವರ ಹೆಸರು ನೆನೆದು ಅವರ ಪರವಾಗಿ ಹೇಳಿ. ಅಥನಾಸಿಯಸನ ಪಟ್ಟಿ ನನಗೆ ಹಿಡಿಸದಿರಲು ಕಾರಣ ಇದೇ: ನನ್ನ ಮನಸ್ಥಿತಿಗೆ ಹೊಂದುವುದನ್ನಷ್ಟೇ ಹುಡುಕುತ್ತಿದ್ದರೆ ಪ್ರಾರ್ಥನೆ ನನ್ನ ಸುತ್ತಲೇ ಗಿರಕಿ ಹೊಡೆಯುತ್ತದೆ. 1943ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ತಂದೆತಾಯಿಗೆ ಬರೆದ ಪತ್ರದಲ್ಲಿ, ಹಿಟ್ಲರನನ್ನು ವಿರೋಧಿಸಿದ ಜರ್ಮನ್ ದೇವಶಾಸ್ತ್ರಿ ಡೀಟ್ರಿಕ್ ಬಾನ್‌ಹಾಫರ್, ವರ್ಷಗಳಿಂದ ಮಾಡುತ್ತಿದ್ದ ಹಾಗೆ ದಿನವೂ ಕೀರ್ತನೆಗಳನ್ನು ಓದುತ್ತಿದ್ದೇನೆ ಎಂದಿದ್ದಾನೆ. ಸೆರೆಗೆ ಹೋದ ಮೇಲೆ ಶುರುಮಾಡಿದ ಅಭ್ಯಾಸ ಅದಲ್ಲ.

ಮುಂದಿನ ಸಲಕ್ಕೆ 42 ಮತ್ತು 43ನ್ನು ಒಟ್ಟಿಗೆ ಓದಿಕೊಂಡು ಬನ್ನಿ. ಅನೇಕ ಇಬ್ರಿಯ ಹಸ್ತಪ್ರತಿಗಳಲ್ಲಿ ಇವೆರಡೂ ಒಂದೇ ಕೀರ್ತನೆ. 42:5, 42:11, 43:5ರಲ್ಲಿ ಒಂದೇ ಪಲ್ಲವಿ ಬರುತ್ತದೆ. ಪೆನ್ಸಿಲ್ ಹಿಡಿದು, ಕವಿ ಎಲ್ಲೆಲ್ಲಿ ದೇವರೊಂದಿಗೆ ಮಾತಾಡುತ್ತಾನೆ, ಎಲ್ಲೆಲ್ಲಿ ತನ್ನ ಪ್ರಾಣದೊಂದಿಗೇ ಮಾತಾಡುತ್ತಾನೆ ಎಂದು ಬೇರೆ ಬೇರೆ ಗುರುತು ಹಾಕಿ.