ಕೊಟ್ಟವನಿಗೇ ಏಕೆ ಸಂಕೋಚ?

‘ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ’ ಎಂಬ ಗಾದೆಯನ್ನು ಕೈಸಾಲ ಕೊಟ್ಟು ವಾಪಸು ಕೇಳಲಾರದೆ ಒದ್ದಾಡಿದವರೆಲ್ಲ ಒಮ್ಮೆಯಾದರೂ ನೆನೆದಿರುತ್ತಾರೆ. ಮನೆಯ ಮುಂಗಡಕ್ಕೆಂದು ಗೆಳೆಯನೊಬ್ಬನಿಗೆ ಕೊಟ್ಟಿದ್ದ 8,000 ರೂಪಾಯಿಯನ್ನು ಕೇಳಲು ‘ಆ ದುಡ್ಡಿನ ವಿಷಯ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಅಳಿಸಿ, ಕೊನೆಗೆ ‘ಊಟ ಆಯ್ತಾ?’ ಎಂದಷ್ಟೇ ಕಳಿಸಿದ ರಾತ್ರಿಗಳು ನನಗೂ ಇವೆ. ದುಡ್ಡು ನನ್ನದಾಗಿರುವಾಗ ಸಂಕೋಚವೂ ನನ್ನದೇ ಆಗುವುದೇಕೆ?

ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರಲ್ಲಿ ಎರಡು ಬಗೆಯ ಸಂಬಂಧಗಳನ್ನು ಗುರುತಿಸಿದರು: ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವ ವಿನಿಮಯದ ಸಂಬಂಧ ಒಂದು, ಎದುರಿನವರ ಅಗತ್ಯ ನೋಡಿ ಕೊಡುವ ಆಪ್ತ ಸಂಬಂಧ ಇನ್ನೊಂದು. ಕ್ಲಾರ್ಕ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಇಬ್ಬಿಬ್ಬರು ಸೇರಿ ಅಂಕಿಗಳ ಕೋಷ್ಟಕದಲ್ಲಿ ಕೆಲವು ಸರಣಿಗಳನ್ನು ಹುಡುಕಿ ಗುರುತು ಹಾಕಬೇಕು. ಬಂದ ಪ್ರತಿಫಲವನ್ನು ಹಂಚಿಕೊಳ್ಳಬೇಕು. ಬರೆಯಲು ಎರಡು ಬಣ್ಣದ ಪೆನ್ನುಗಳಿದ್ದವು. ಯಾರ ದುಡಿಮೆ ಎಷ್ಟೆಂದು ಬೇರೆಯಾಗಿ ಕಾಣಲೆಂದು ಅಪರಿಚಿತರು ಜೊತೆಗಾರ ಬಳಸದ ಬಣ್ಣವನ್ನೇ ಹೆಚ್ಚಾಗಿ ಆರಿಸಿಕೊಂಡರು. ಗೆಳೆಯರಲ್ಲಿ ಆ ಒಲವು ಕಾಣಲಿಲ್ಲ. ಲೆಕ್ಕವಿಡದಿರುವುದೇ ಗೆಳೆತನದ ಗುರುತಾದ ಮೇಲೆ, ಬಾಯಿಬಿಟ್ಟು ದುಡ್ಡು ಕೇಳಿದವನಿಗೆ ತಾನೇ ಸ್ನೇಹವನ್ನು ವ್ಯಾಪಾರಕ್ಕಿಳಿಸಿದೆನೇನೋ ಎಂಬ ಅಳುಕು ಹುಟ್ಟುತ್ತದೆ. ನಾವು ದಾಕ್ಷಿಣ್ಯ ಎನ್ನುವುದರ ಬೇರು ಇಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಆದರೆ ಬಾಯಿ ಸುಮ್ಮನಿದ್ದರೂ ಮನಸ್ಸು ಲೆಕ್ಕ ಬಿಡುವುದಿಲ್ಲ. ಲಿಂಡಾ ಡೆಜೋ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಗೆಳೆಯರು, ಬಂಧುಗಳು, ಸಹೋದ್ಯೋಗಿಗಳ ನಡುವಿನ ಕೈಸಾಲಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬಾಕಿ ಉಳಿದ ಸಾಲದ ಬಗ್ಗೆ ಕೊಟ್ಟವರು ಮತ್ತು ಪಡೆದವರು ತಮ್ಮ ತಮ್ಮ ಅನುಕೂಲಕ್ಕೆ ಒಗ್ಗುವ ಕಥೆಗಳನ್ನೇ ನಂಬಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಮಾತಾಡದ ಕಾರಣ ಎರಡು ಲೆಕ್ಕಗಳು ತಾಳೆಯಾಗಿರುವುದಿಲ್ಲ, ಅಷ್ಟೆ.

ಹೋಟೆಲಿನ ಬಿಲ್ಲಿನಲ್ಲೂ ಇದೇ ದಾಕ್ಷಿಣ್ಯ. ಯೂರಿ ಗ್ನೀಜಿ ಮತ್ತು ಸಂಗಡಿಗರು ಇಸ್ರೇಲಿನ ಹೈಫಾದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವರವರ ಊಟಕ್ಕೆ ಅವರವರೇ ಕೊಡುವಾಗ ತಲಾ ಸುಮಾರು 37 ಶೆಕೆಲ್‌ ಇದ್ದ ಖರ್ಚು, ಬಿಲ್ಲು ಸಮಪಾಲು ಎಂದಾಗ ಸುಮಾರು 51ಕ್ಕೇರಿತು. ನಿಮಗೆ ಯಾವುದು ಇಷ್ಟವೆಂದು ಮೊದಲೇ ಕೇಳಿದಾಗ ಮಾತ್ರ ಶೇ. 80ರಷ್ಟು ಮಂದಿ ಬೇರೆ ಬೇರೆ ಕೊಡುವುದನ್ನೇ ಬಯಸಿದ್ದರು. ನಮ್ಮ ಮೇಜುಗಳಲ್ಲಿ ಹಾಗೆ ಮೊದಲೇ ಕೇಳುವವರಿಲ್ಲದೆ, ಬರೀ ಕಾಫಿ ಕುಡಿದವನು ಮಿಕ್ಕವರ ಬಿರಿಯಾನಿಗೂ ಪಾಲು ಹಾಕಿ ಎದ್ದು ಬರುತ್ತಾನೆ.

ಕಾನೂನು ಈ ಮೌನವನ್ನು ಬಹಳ ಕಾಲ ಕಾಯುವುದಿಲ್ಲ. 1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ, ಮರುಪಾವತಿಯ ದಿನ ಗೊತ್ತುಮಾಡದೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ, ಕೊಟ್ಟ ದಿನದಿಂದ 3 ವರ್ಷ. ಗೆಳೆಯನ ಮೇಲೆ ದಾವೆ ಹೂಡುವ ಯೋಚನೆ ಯಾರಿಗೂ ಬೇಡ. ಕೊಡುವ ಹೊತ್ತಿನಲ್ಲೇ ‘ಯಾವಾಗ ಆಗಬಹುದು?’ ಎಂದು ಕೇಳಿಬಿಟ್ಟರೆ ಆ ಪ್ರಶ್ನೆಯೇ ಎಲ್ಲಕ್ಕಿಂತ ಹಗುರವಾದದ್ದು.

ನಾನು ಅದನ್ನು ಕೇಳಿದ್ದು ಒಂದೂವರೆ ವರ್ಷ ತಡವಾಗಿ. ಗೆಳೆಯ ನಿಜವಾಗಿಯೂ ಬೆಚ್ಚಿದ. ಚಿಕ್ಕಮಗಳೂರಿಗೆ ಹೋದಾಗ ರೂಮಿನ ಬಾಡಿಗೆ, ಪೆಟ್ರೋಲು ಎಲ್ಲ ತಾನೇ ಕೊಟ್ಟಿದ್ದರಿಂದ ಅರ್ಧ ತೀರಿತೆಂದು ಅವನು ಎಣಿಸಿದ್ದ. ಅದನ್ನು ನಾನು ಅವನ ಧಾರಾಳವೆಂದು ತಿಳಿದಿದ್ದೆ. ಇಬ್ಬರೂ ಕೂತು ಕೂಡಿ ಕಳೆದಾಗ 5,200 ಉಳಿಯಿತು. “ಹತ್ತನೇ ತಾರೀಖು ಸಂಬಳ ಆಗುತ್ತೆ ಕಣೋ, ಅವತ್ತೇ ಹಾಕ್ತೀನಿ” ಎಂದ.