ಪ್ರಿಂಟ್ ಮಾಡದಿದ್ದರೂ ಇಂಕ್ ಖಾಲಿಯಾಗುವುದು ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇದೆ. ತಿಂಗಳಿಗೆ ಹತ್ತು ಹಾಳೆ ಪ್ರಿಂಟ್ ಮಾಡಿದರೆ ಜಾಸ್ತಿ. ಅದೂ ಬರೀ ಕಪ್ಪು ಅಕ್ಷರ. ಆದರೂ ಕೆಲವೇ ತಿಂಗಳಲ್ಲಿ ಕಲರ್ ಇಂಕ್ ಕೂಡ ಮುಗಿಯಿತು ಅಂತ ತೋರಿಸುತ್ತದೆ. ಈ ಇಂಕ್ ಎಲ್ಲಿ ಹೋಗುತ್ತಿದೆ? ಖರ್ಚು ಕಡಿಮೆ ಮಾಡುವ ದಾರಿ ಇದೆಯಾ?

ಉತ್ತರ: ಇದೆ. ಆದರೆ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಹಾಗೆ ಅಪರೂಪಕ್ಕೆ ಪ್ರಿಂಟ್ ತೆಗೆಯುವವರ ಮನೆಯಲ್ಲಿ ಇಂಕಿನ ದೊಡ್ಡ ಪಾಲು ಹಾಳೆಯ ಮೇಲೆ ಬೀಳುವುದೇ ಇಲ್ಲ. ಪ್ರಿಂಟರ್ ತನ್ನ ಬಾಯಿ ತೊಳೆದುಕೊಳ್ಳುವುದಕ್ಕೇ ಅದು ಹೋಗುತ್ತದೆ.

ಇಂಕ್ ಚಿಮ್ಮಿಸುವ ಭಾಗವಾದ ಪ್ರಿಂಟ್ ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳು ನೂರಾರು ಇರುತ್ತವೆ. ಅವುಗಳಿಂದ ಚಿಮ್ಮುವ ಒಂದೊಂದು ಹನಿಯೂ ಕೆಲವೇ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರ್. ಇಷ್ಟು ಸಣ್ಣ ತೂತಿನಲ್ಲಿ ನಿಂತ ಇಂಕ್ ಗಾಳಿಗೆ ಒಣಗದೆ ಇರುತ್ತದಾ? ಹಾಗಾಗಿ ಆನ್ ಮಾಡಿದಾಗ, ತುಂಬಾ ದಿನ ಬಿಟ್ಟು ಪ್ರಿಂಟ್ ಕೊಟ್ಟಾಗ, ಪ್ರಿಂಟರ್ ಒಳಗಿನ ಸಣ್ಣ ಪಂಪ್ ತೂತುಗಳಿಂದ ಇಂಕನ್ನು ಎಳೆದು ಹೊರಹಾಕುತ್ತದೆ. ಆಗ ಕೇಳಿಸುವ ಗರ್‌ಗರ್ ಸದ್ದು ಅದೇ. ಸಾಮಾನ್ಯವಾಗಿ ಎಲ್ಲ ಬಣ್ಣಗಳನ್ನೂ ಒಟ್ಟಿಗೇ ತೊಳೆಯುವುದರಿಂದ, ಕಪ್ಪು ಮಾತ್ರ ಬಳಸಿದರೂ ಕಲರ್ ಇಳಿಯುತ್ತದೆ.

ನನಗೆ ಇದು ಅರ್ಥವಾಗಿದ್ದು ಇಂಕ್ ಕಳೆದುಕೊಂಡ ಮೇಲೆ. ಮೂರು ತಿಂಗಳು ಮುಟ್ಟದೆ ಇಟ್ಟ ಪ್ರಿಂಟರ್‌ನಲ್ಲಿ ಒಂದು ಅರ್ಜಿ ತುರ್ತಾಗಿ ಬೇಕಾಯಿತು. ಅಕ್ಷರಗಳ ಮಧ್ಯೆ ಬಿಳಿ ಗೆರೆ. ಹೆಡ್ ಕ್ಲೀನಿಂಗ್ ಒತ್ತಿದೆ, ಮತ್ತೆ ಒತ್ತಿದೆ, ಮೂರನೇ ಸಲವೂ ಒತ್ತಿದೆ. ಎರಡು ಪುಟದ ಅರ್ಜಿ ಬರುವ ಹೊತ್ತಿಗೆ ಇಂಕ್ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಮುಂದೊಮ್ಮೆ ರಿಪೇರಿಯವರು ಅದರ ತಳ ಬಿಚ್ಚಿ ತೋರಿಸಿದರು. ಅಲ್ಲೊಂದು ದಪ್ಪ ಸ್ಪಂಜಿನಂಥ ಪ್ಯಾಡ್, ಅಂಚಿನವರೆಗೂ ಕಪ್ಪಗೆ ನೆಂದು ಭಾರವಾಗಿತ್ತು. ನಾನು ದುಡ್ಡು ಕೊಟ್ಟು ಕೊಂಡ ಇಂಕ್ ಅದರಲ್ಲಿ ಕೂತಿತ್ತು.

ಹಾಗಾಗಿ ಉಳಿತಾಯ ಶುರುವಾಗುವುದು ಸ್ವಿಚ್‌ನಿಂದ. ತುಂಬಾ ಜನ ಪ್ರಿಂಟ್ ಬಂದ ತಕ್ಷಣ ಗೋಡೆಯ ಸ್ವಿಚ್ ಆರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ರಿಂಟರ್‌ನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ತನ್ನ ಮೂಲೆಗೆ ಹೋಗಿ, ಅಲ್ಲಿರುವ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ತೂತುಗಳು ಮುಚ್ಚಿಕೊಳ್ಳುತ್ತವೆ. ನಡುವೆ ಕರೆಂಟ್ ತೆಗೆದರೆ ಹೆಡ್ ಬಾಯಿ ತೆರೆದುಕೊಂಡೇ ನಿಂತುಬಿಡಬಹುದು. ಬಟನ್‌ನ ದೀಪ ಪೂರ್ತಿ ಆರಿದ ಮೇಲೆ ಗೋಡೆಯ ಸ್ವಿಚ್ ಆರಿಸಿ. ದಿನಕ್ಕೆ ನಾಲ್ಕು ಸಲ ಆನ್ ಆಫ್ ಮಾಡುವ ಬದಲು ಎಲ್ಲ ಪ್ರಿಂಟ್‌ಗಳನ್ನೂ ಒಂದೇ ಸಲ ತೆಗೆಯಿರಿ.

ಎರಡನೆಯದು, ವಿಚಿತ್ರ ಅನಿಸಿದರೂ ನಿಜ: ಇಂಕ್ ಉಳಿಸಲು ಆಗಾಗ ಸ್ವಲ್ಪ ಪ್ರಿಂಟ್ ಮಾಡಬೇಕು. ವಾರಕ್ಕೊಮ್ಮೆ, ಎಲ್ಲ ಬಣ್ಣವೂ ಇರುವ ಚಿಕ್ಕದೊಂದು ಪುಟ ಸಾಕು. ಪ್ರಿಂಟರ್‌ನ ಮೆನುವಿನಲ್ಲಿರುವ ನಾಜಲ್ ಚೆಕ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದೊಂದು ಬಣ್ಣದಲ್ಲೂ ತೆಳ್ಳನೆಯ ಗೆರೆಗಳು ಬರುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಗಳು ಎಲ್ಲೂ ಕಡಿದಿಲ್ಲ ಅಂದರೆ ಹೆಡ್ ಚೆನ್ನಾಗಿದೆ, ಕ್ಲೀನಿಂಗ್ ತಂಟೆಗೇ ಹೋಗಬೇಡಿ. ಕಡಿದಿದ್ದರೆ ಒಂದು ಸಲ ಕ್ಲೀನಿಂಗ್ ಮಾಡಿ, ಮತ್ತೆ ಚೆಕ್ ಮಾಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ. ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ನೋಡಿ. ಒಣಗಿದ್ದು ನೆನೆಯಲು, ಗಾಳಿಗುಳ್ಳೆ ಹೋಗಲು ಸಮಯ ಬೇಕು. ಸುಮ್ನೆ ಒತ್ತುತ್ತಾ ಹೋದರೆ ಪ್ಯಾಡ್ ತುಂಬುತ್ತದೆ ಅಷ್ಟೇ.

ಇನ್ನು ಸೆಟ್ಟಿಂಗ್. ಬರೀ ಓದುವುದಕ್ಕೆ ಬೇಕಾದ ಕಾಗದಕ್ಕೆ ಡ್ರಾಫ್ಟ್ ಮೋಡ್ ಇಡಿ. ಅದರಲ್ಲಿ ಹನಿಗಳು ವಿರಳವಾಗಿ ಬೀಳುತ್ತವೆ, ಅಕ್ಷರ ಸ್ವಲ್ಪ ತೆಳು, ಆದರೆ ಓದಲು ತೊಂದರೆಯಿಲ್ಲ. ಗ್ರೇಸ್ಕೇಲ್, ಅಂದರೆ ಬಣ್ಣವಿಲ್ಲದ ಪ್ರಿಂಟ್, ಆಯ್ಕೆ ಮಾಡಿದರೂ ಕೆಲವು ಪ್ರಿಂಟರ್‌ಗಳು ಬಣ್ಣಗಳನ್ನು ಬೆರೆಸಿಯೇ ಬೂದು, ಕಪ್ಪು ಮಾಡುತ್ತವೆ. ನಿಮ್ಮದರಲ್ಲಿ ಕಪ್ಪು ಇಂಕ್ ಮಾತ್ರ ಅನ್ನುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಕಾಗದದ ಬಗೆ ಕೇಳುವಲ್ಲಿ ಫೋಟೋ ಪೇಪರ್ ಅಂತ ಉಳಿದುಹೋಗಿದೆಯಾ ನೋಡಿ. ಹಾಗಿದ್ದರೆ ಸಾಮಾನ್ಯ ಹಾಳೆಗೂ ಇಂಕ್ ದಂಡಿಯಾಗಿ ಸುರಿಯುತ್ತದೆ. ಒಂದು ಹಾಳೆಯಲ್ಲಿ ಎರಡು ಪುಟ ಹಾಕಿದರೆ ಅಕ್ಷರ ಚಿಕ್ಕದಾಗುತ್ತದೆ, ಕಾಗದದ ಜೊತೆಗೆ ಇಂಕ್ ಕೂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಫಾಂಟ್ ಬದಲಿಸಿದರೆ ಉಳಿಯುತ್ತದಾ ಅಂತಲೂ ಜನ ಕೇಳುತ್ತಾರೆ. ಉಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್-ಗ್ರೀನ್ ಬೇ ವಿಶ್ವವಿದ್ಯಾಲಯ 2010ರಲ್ಲಿ ಏರಿಯಲ್ ಬಿಟ್ಟು ಸೆಂಚುರಿ ಗಾಥಿಕ್‌ಗೆ ಹೋಯಿತು. ಸುಮಾರು ಶೇ 30ರಷ್ಟು ಇಂಕ್ ಕಡಿಮೆ ಅನ್ನುವುದು ಅವರ ಲೆಕ್ಕ. ಆದರೆ ಆ ಅಕ್ಷರಗಳು ಅಗಲ, ಕಾಗದ ಜಾಸ್ತಿ ಬೇಕಾಗಬಹುದು. 2014ರಲ್ಲಿ ಗ್ಯಾರಮಂಡ್ ಫಾಂಟ್ ಬಗ್ಗೆಯೂ ದೊಡ್ಡ ಸುದ್ದಿಯಾಯಿತು. ಅದರ ಅಕ್ಷರಗಳೇ ಚಿಕ್ಕವು. ಅಷ್ಟೇ ಲಾಭ ನಿಮ್ಮ ಈಗಿನ ಫಾಂಟಿನ ಸೈಜ್ ಇಳಿಸಿದರೂ ಸಿಗುತ್ತದೆ. ಬೋಲ್ಡ್ ಅಕ್ಷರ, ಬಣ್ಣ ತುಂಬಿದ ಚೌಕಗಳನ್ನು ತೆಗೆದುಹಾಕಿ, ಸಾಕು.

ಇಂಕ್ ಕಡಿಮೆ ಇದೆ ಅನ್ನುವ ಸೂಚನೆ ಬಂದ ದಿನವೇ ಕಾರ್ಟ್ರಿಜ್ ಎಸೆಯಬೇಡಿ. ಹೆಚ್ಚಿನ ಪ್ರಿಂಟರ್‌ಗಳು ಎಷ್ಟು ಹನಿ ಬಿಟ್ಟೆ ಅಂತ ಎಣಿಸಿ ಅಂದಾಜು ಹೇಳುತ್ತವೆ. ಹೆಡ್ ಕಾರ್ಟ್ರಿಜ್‌ನಲ್ಲೇ ಇರುವ ಮಾದರಿಯಾದರೆ ಅಕ್ಷರ ಮಸುಕಾಗುವವರೆಗೂ ಬಳಸಿ. ಬಾಟಲಿಯಿಂದ ಇಂಕ್ ತುಂಬಿಸುವ ಟ್ಯಾಂಕ್ ಪ್ರಿಂಟರ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ. ಕೆಳಗಿನ ಗೆರೆ ಮುಟ್ಟುವ ಮೊದಲೇ ತುಂಬಿಸಿ, ಇಲ್ಲದಿದ್ದರೆ ಕೊಳವೆಗೆ ಗಾಳಿ ಸೇರುತ್ತದೆ.

ಕೊಳ್ಳುವಾಗ ಕಾರ್ಟ್ರಿಜ್ ಬೆಲೆ ನೋಡಬೇಡಿ. ಬೆಲೆಯನ್ನು ಪೊಟ್ಟಣದ ಮೇಲಿನ ಪುಟಗಳ ಸಂಖ್ಯೆಯಿಂದ ಭಾಗಿಸಿ. ಹೆಚ್ಚು ಇಂಕ್ ಇರುವ ಎಕ್ಸ್‌ಎಲ್ ಕಾರ್ಟ್ರಿಜ್ ಪುಟಕ್ಕೆ ಅಗ್ಗ ಬೀಳುವುದು ಸಾಮಾನ್ಯ. ಆದರೆ ಆ ಪುಟಗಳ ಲೆಕ್ಕ ಬಂದಿರುವುದು ಒಂದೇ ಸಮ ಪ್ರಿಂಟ್ ಮಾಡುವ ಪರೀಕ್ಷೆಯಿಂದ. ನಿಮ್ಮ ಹಾಗೆ ವಾರಕ್ಕೆರಡು ಹಾಳೆ ತೆಗೆಯುವವರಿಗೆ ಅಷ್ಟು ಪುಟ ಸಿಗುವುದಿಲ್ಲ. ಬೇರೆ ಕಂಪನಿಯ ಇಂಕ್ ಕಾಗದಪತ್ರಗಳಿಗೆ ಸಾಕು ಅನ್ನುವುದು ನನ್ನ ಅನುಭವ, ಫೋಟೋಗೆ ಮಾತ್ರ ನಾನು ಒರಿಜಿನಲ್ಲೇ ಹಾಕುತ್ತೇನೆ. ಕೆಲವು ಪ್ರಿಂಟರ್‌ಗಳು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಬೇರೆಯವರ ಚಿಪ್ ಇರುವ ಕಾರ್ಟ್ರಿಜ್ ಒಪ್ಪುವುದಿಲ್ಲ. ಕೊಳ್ಳುವ ಮೊದಲು ವಿಚಾರಿಸಿ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಬಳಕೆಗೆ ಇಂಕ್‌ಜೆಟ್ ಸರಿಯಾದ ಜೋಡಿ ಅಲ್ಲ. ಟ್ಯಾಂಕ್ ಪ್ರಿಂಟರ್‌ನಲ್ಲಿ ಇಂಕ್ ಅಗ್ಗ ನಿಜ, ಆದರೆ ಅದೂ ಒಣಗುತ್ತದೆ. ಅದು ದಿನವೂ ಪ್ರಿಂಟ್ ಮಾಡುವ ಮನೆಗೆ. ಲೇಸರ್ ಪ್ರಿಂಟರ್‌ನ ಟೋನರ್ ಪುಡಿ, ಆರು ತಿಂಗಳು ಬಿಟ್ಟರೂ ಒಣಗುವ ಮಾತಿಲ್ಲ. ಬರೀ ಕಪ್ಪು ಅಕ್ಷರ ಅಂದಿರಲ್ವಾ? ಈಗಿನ ಪ್ರಿಂಟರ್ ಕೆಟ್ಟ ದಿನ ಚಿಕ್ಕದೊಂದು ಕಪ್ಪು ಲೇಸರ್ ತಂದುಕೊಳ್ಳಿ. ಅಲ್ಲಿಯವರೆಗೆ ವಾರಕ್ಕೊಂದು ನಾಜಲ್ ಚೆಕ್ ತೆಗೆಯಿರಿ, ಅದೇ ಹಾಳೆಯನ್ನು ತಿರುಗಿಸಿ ಹಿಂದೆ ಮುಂದೆ ಬಳಸಿದರೆ ಕಾಗದವೂ ದಂಡವಾಗುವುದಿಲ್ಲ.